ಸೀಮೆಎಣ್ಣೆಗೆ ಅಳತೆ ಕೊಟ್ಟ ಸರ್ ಫ್ರೆಡರಿಕ್ ಏಬಲ್

ಹೋಟೆಲಿನ ಒಲೆಗೆ ಗ್ಯಾಸು ಬರುವ ಮೊದಲು ನಮ್ಮವರಲ್ಲಿ ಎಷ್ಟೋ ಜನರ ಅನ್ನ ಬೆಂದುದು ಸೀಮೆಎಣ್ಣೆಯ ಸ್ಟೋವಿನ ಮೇಲೆ. ಆ ಎಣ್ಣೆ ದೀಪದಲ್ಲಿ ಉರಿಯಬೇಕೇ ಹೊರತು ಕೈಯಲ್ಲಿ ಸಿಡಿಯಬಾರದೆಂದು ಶ್ರಮಿಸಿದ ಮಹನೀಯರನ್ನು ವಾಚಕರಿಗೆ ಪರಿಚಯಿಸಲು ಬಯಸುತ್ತೇವೆ.

ಫ್ರೆಡರಿಕ್ ಏಬಲ್ ಅವರು 1827ರಲ್ಲಿ ಲಂಡನ್ನಿನ ವುಲ್‌ವಿಚ್‌ನಲ್ಲಿ ಜನಿಸಿದರು. ತಂದೆ ಸಂಗೀತಗಾರರು. ಮಗನಾದರೋ ರಸಾಯನಶಾಸ್ತ್ರಕ್ಕೆ ಒಲಿದು ಹಾಫ್‌ಮನ್ ಎಂಬ ಪ್ರಖ್ಯಾತ ಗುರುಗಳ ಶಿಷ್ಯರಾದರು. 1852ರಲ್ಲಿ ವುಲ್‌ವಿಚ್ ಸೈನಿಕ ವಿದ್ಯಾಲಯದಲ್ಲಿ ಮಹಾವಿಜ್ಞಾನಿ ಫ್ಯಾರಡೆಯವರ ಸ್ಥಾನದಲ್ಲಿ ಅಧ್ಯಾಪಕರಾದರು. 1888ರ ವರೆಗೆ ಯುದ್ಧ ಇಲಾಖೆಯ ರಸಾಯನಜ್ಞರಾಗಿದ್ದು, 1889ರಲ್ಲಿ ಡ್ಯೂವರ್ ಅವರೊಡಗೂಡಿ ಕಾರ್ಡೈಟ್ ಎಂಬ ಸಿಡಿಮದ್ದನ್ನು ಕಂಡುಹಿಡಿದರು.

ಆದರೆ ಮದ್ದುಗುಂಡಿಗಿಂತ ಬಡವನ ದೀಪಕ್ಕೆ ಅವರು ಮಾಡಿದ ಸೇವೆಯೇ ನಮಗೆ ದೊಡ್ಡದಾಗಿ ತೋರುತ್ತದೆ. ಉರಿಯುವುದು ಎಣ್ಣೆಯಲ್ಲ, ಅದರಿಂದೇಳುವ ಆವಿ. ಪೆಟ್ರೋಲಿನಂತಹ ಹಗುರ ಎಣ್ಣೆಗೆ ಆಗ ಹೆಚ್ಚಿನ ಬೆಲೆಯಿರಲಿಲ್ಲ. ಅದನ್ನು ದೀಪದೆಣ್ಣೆಯಲ್ಲಿ ಉಳಿಸಿ ಮಾರಿದರೆ ವ್ಯಾಪಾರಿಗೆ ಲಾಭ, ಕೊಂಡವನಿಗೆ ಪ್ರಾಣಾಪಾಯ. ಇದನ್ನು ತಡೆಯಲು ಇಂಗ್ಲೆಂಡಿನ 1868ರ ಕಾನೂನು ಏಬಲರು ರೂಪಿಸಿದ ತೆರೆದ ಬಟ್ಟಲಿನ ಪರೀಕ್ಷೆಯನ್ನು ವಿಧಿಸಿತು. ಬಾಯಿ ತೆರೆದ ಬಟ್ಟಲಿನಿಂದ ಆವಿಯು ಗಾಳಿಗೆ ಹಾರಿಹೋಗುತ್ತಿತ್ತು. ಪರೀಕ್ಷಕನು ಬದಲಾದರೆ ಅದೇ ಎಣ್ಣೆಯ ತೀರ್ಪೂ ಬದಲಾಗುವಂತಿತ್ತು.

ಏಬಲರು ತಮ್ಮ ಹಳೆಯ ಉಪಕರಣಕ್ಕೆ ಅಂಟಿಕೊಂಡು ಕೂರಲಿಲ್ಲ. ಮುಚ್ಚಳವಿರುವ ಹೊಸ ಬಟ್ಟಲೊಂದನ್ನು ನಿರ್ಮಿಸಿದರು. ಹಾಲನ್ನು ಬಿಸಿನೀರಿನಲ್ಲಿಟ್ಟು ಕಾಯಿಸುವಂತೆ ಎಣ್ಣೆಯನ್ನು ನಿಧಾನವಾಗಿ ಕಾಯಿಸಿ, ಮುಚ್ಚಳದ ಕಿಂಡಿಯಿಂದ ಸಣ್ಣ ಜ್ವಾಲೆಯನ್ನು ಆಗಾಗ ಇಳಿಸಬೇಕು. ಆವಿಯು ಫಕ್ಕನೆ ಮಿಂಚುವ ಉಷ್ಣತೆಯೇ ಆ ಎಣ್ಣೆಯ ಮಿಂಚುಬಿಂದು. ಬಟ್ಟಲಿನ ಅಳತೆಯಿಂದ ಜ್ವಾಲೆಯ ಗಾತ್ರದವರೆಗೆ ಎಲ್ಲವೂ ನಿಗದಿ; ಪರೀಕ್ಷಕನ ಇಷ್ಟಾನಿಷ್ಟಕ್ಕೆ ಎಡೆಯಿಲ್ಲ. 1879ರ ಕಾನೂನು ಇದನ್ನು ಅಂಗೀಕರಿಸಿ, 73 ಡಿಗ್ರಿ ಫ್ಯಾರನ್‌ಹೀಟನ್ನು ಮಿತಿಯಾಗಿಟ್ಟಿತು.

ಈ ಮಿತಿ ಸಾಲದು, ಇನ್ನೂ ಮೇಲಿರಬೇಕೆಂಬ ಕೂಗು 1890ರ ದಶಕದಲ್ಲಿ ಎದ್ದಿತು. ಉಪಕರಣವು ಸತ್ಯವನ್ನು ತೋರಿಸಬಲ್ಲದು. ಎಷ್ಟು ಅಪಾಯವನ್ನು ಜನರ ಮೇಲೆ ಹೊರಿಸಬಹುದೆಂಬುದನ್ನು ನಿರ್ಧರಿಸುವವರು ಮನುಷ್ಯರೇ ಎಂಬುದನ್ನು ಈ ವಿವಾದ ತಿಳಿಸುತ್ತದೆ.

ಒಬ್ಬನ ಜ್ಞಾನ ಹತ್ತು ಜನರ ಪರೀಕ್ಷೆಗೆ ಒಳಪಟ್ಟಾಗಲೇ ಗಟ್ಟಿಯಾಗುತ್ತದೆ. ಏಬಲರು ರಸಾಯನಶಾಸ್ತ್ರ, ವಿದ್ಯುತ್ತು, ಕಬ್ಬಿಣ ಮತ್ತು ಉಕ್ಕು ಮುಂತಾದ ಹಲವು ವೃತ್ತಿಸಂಘಗಳ ಅಧ್ಯಕ್ಷರಾಗಿ ದುಡಿದರು. 1902ರಲ್ಲಿ ಅವರು ತೀರಿಕೊಂಡರು. ಮುಂದೆ ಲಂಡನ್ನಿನಲ್ಲಿ ಪೆಟ್ರೋಲಿಯಂ ತಜ್ಞರ ಸಂಘವೇ ಸ್ಥಾಪನೆಯಾಗಿ, ಬೋವರ್ಟನ್ ರೆಡ್‌ವುಡ್ ಅವರು ಅದರ ಪ್ರಥಮ ಅಧ್ಯಕ್ಷರಾದರು. ಆ ಪರಂಪರೆಯ ಪರೀಕ್ಷಾ ವಿಧಾನಗಳಲ್ಲಿ ಏಬಲರ ಬಟ್ಟಲಿಗೆ ಇಂದಿಗೂ ಸ್ಥಾನವಿದೆ.

ನಮ್ಮ ದೇಶದ 1934ರ ಪೆಟ್ರೋಲಿಯಂ ಕಾನೂನು 23 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಮಿಂಚುವ ಎಣ್ಣೆಯನ್ನು ಅತ್ಯಂತ ಅಪಾಯಕರವಾದ ವರ್ಗಕ್ಕೆ ಸೇರಿಸಿದೆ. ಲೆಕ್ಕ ಹಾಕಿದರೆ ಅದು ಆ 73 ಡಿಗ್ರಿಯೇ. ಸೀಮೆಎಣ್ಣೆಯಾದರೋ 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಮಿಂಚಬಾರದೆಂದು ಭಾರತೀಯ ಮಾನಕದ ವಿಧಿ. ಡಬ್ಬಿ ಹಿಡಿದು ಅಂಗಡಿಗೆ ಹೋಗುವ ಹುಡುಗನು ಎಣ್ಣೆಯನ್ನು ಪರೀಕ್ಷಿಸಬಲ್ಲನೆ? ಅವನು ನಂಬಿ ಕೊಳ್ಳುತ್ತಾನೆ. ಆ ನಂಬಿಕೆ ಸುಳ್ಳಾಗದಂತೆ ಕಾಯುವುದೇ ಮಾನಕದ ಧರ್ಮವೆಂದು ನಾವು ತಿಳಿಯುತ್ತೇವೆ.