ಮಂಗಳೂರಿನ ಗಣಿತ ಅಧ್ಯಾಪಕರು ಗ್ರಂಥಪಾಲಕರ ಗುರುವಾದದ್ದು

ಮುಂಬಯಿ: ಮಂಗಳೂರಿನ ಹಂಪನಕಟ್ಟೆಯ ಸರಕಾರಿ ಕಾಲೇಜಿನಲ್ಲಿ (ಇಂದಿನ ವಿಶ್ವವಿದ್ಯಾನಿಲಯ ಕಾಲೇಜು) ಓದಿ ಈ ಮಹಾನಗರಕ್ಕೆ ಬಂದವರು ನಮ್ಮ ಸಂಘಗಳಲ್ಲಿ ಅನೇಕರಿದ್ದಾರೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಡಾ| ಎಸ್. ಆರ್. ರಂಗನಾಥನ್ 1917ರಲ್ಲಿ ಅಧ್ಯಾಪಕ ವೃತ್ತಿ ಆರಂಭಿಸಿದ್ದು ಅದೇ ಕಾಲೇಜಿನಲ್ಲಿ ಎಂಬುದು ಹೆಚ್ಚಿನವರಿಗೆ ತಿಳಿದಿರಲಿಕ್ಕಿಲ್ಲ.

ತಮಿಳುನಾಡಿನ ಶೀರ್ಕಾಳಿಯಲ್ಲಿ 1892ರ ಆಗಸ್ಟ್‌ನಲ್ಲಿ ಜನಿಸಿದ ಅವರು ಗಣಿತದಲ್ಲಿ ಎಂ.ಎ. ಪದವೀಧರರು. ಮಂಗಳೂರು, ಕೊಯಮತ್ತೂರು, ಮದ್ರಾಸ್‌ಗಳಲ್ಲಿ ಪಾಠ ಮಾಡಿ 1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಆ ಕೆಲಸದ ತರಬೇತಿ ಅವರಿಗಿರಲಿಲ್ಲ. ಸಂದರ್ಶನಕ್ಕೆ ಮೊದಲು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ಗ್ರಂಥಾಲಯದ ಕುರಿತ ಲೇಖನ ಓದಿಕೊಂಡು ಹೋಗಿದ್ದರು. ಹುದ್ದೆ ಸಿಕ್ಕಿತಾದರೂ ಓದುಗರಿಲ್ಲದ ಆ ಮೌನ ಅವರಿಗೆ ಹಿಡಿಸಲಿಲ್ಲ. ತರಗತಿಗೇ ಮರಳಲು ಹೊರಟವರ ಮನಸ್ಸನ್ನು ಬದಲಿಸಿದ್ದು ಲಂಡನ್‌ನ ತರಬೇತಿ. ಸಮಾಜದ ಎಲ್ಲ ವರ್ಗದವರೂ ಗ್ರಂಥಾಲಯ ಬಳಸುವುದನ್ನು ಅವರು ಅಲ್ಲಿ ಕಂಡರು.

1925ರಲ್ಲಿ ಹಿಂದಿರುಗಿದವರು ಕಪಾಟುಗಳನ್ನು ಓದುಗರಿಗೆ ಮುಕ್ತವಾಗಿಸಿದರು, ಗ್ರಂಥಾಲಯದ ಅವಧಿಯನ್ನು ಹೆಚ್ಚಿಸಿದರು. 1931ರಲ್ಲಿ ಅವರ ಪಂಚಸೂತ್ರಗಳ ಗ್ರಂಥ, 1933ರಲ್ಲಿ ಕೋಲನ್ ವರ್ಗೀಕರಣ ಪ್ರಕಟವಾದವು. ಪುಸ್ತಕ ಇರುವುದು ಬಳಕೆಗೆ, ಕಾಪಿಡುವುದಕ್ಕಷ್ಟೇ ಅಲ್ಲ ಎಂಬುದೇ ಪಂಚಸೂತ್ರಗಳಲ್ಲಿ ಮೊದಲನೆಯದು.

ಕಾಲೇಜು ಗ್ರಂಥಪಾಲಕರೂ ಅಧ್ಯಾಪಕರೇ ಎಂಬುದು ಅವರ ನಿಲುವು. ಹೊಸ ವಿದ್ಯಾರ್ಥಿಗಳಿಗೆ ಗ್ರಂಥಾಲಯದ ಪರಿಚಯ ಮಾಡಿಸಬೇಕು, ಪುಸ್ತಕಸೂಚಿ ನೋಡುವ ಕ್ರಮ ಕಲಿಸಬೇಕು, ಕೋಶ, ವಿಶ್ವಕೋಶಗಳಲ್ಲಿ ಬೇಕಾದ್ದನ್ನು ಹುಡುಕುವ ಅಭ್ಯಾಸ ಮಾಡಿಸಬೇಕು ಎಂದು ಅವರು ಪ್ರತಿಪಾದಿಸಿದರು. ಇಂದು ಮಾಹಿತಿ ಸಾಕ್ಷರತೆ ಎಂದು ಕರೆಯುವುದರ ಬುನಾದಿ ಇದು.

1957ರಲ್ಲಿ ಪದ್ಮಶ್ರೀ, 1965ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕ ಗೌರವ ಅವರಿಗೆ ಸಂದವು. ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ತಮ್ಮ ಉಳಿತಾಯದ 1 ಲಕ್ಷ ರೂ.ಗಳನ್ನು ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ದಾನವಿತ್ತು, ಅದಕ್ಕೆ ಪತ್ನಿ ಶಾರದಾ ಅವರ ಹೆಸರನ್ನೂ ಸೇರಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರ ಸ್ಥಾಪಿಸಿದರು. 1972ರ ಸೆಪ್ಟೆಂಬರ್ 27ರಂದು ಅಲ್ಲಿಯೇ ನಿಧನ ಹೊಂದಿದರು.

ಮೊಬೈಲ್‌ನಲ್ಲಿ ಕ್ಷಣಕ್ಕೆ ನೂರು ಉತ್ತರ ಸಿಗುವ ಕಾಲವಿದು. ಅವುಗಳಲ್ಲಿ ಯಾವುದನ್ನು ನಂಬಬೇಕು ಎಂಬುದನ್ನು ಮಕ್ಕಳಿಗೆ ಯಾರಾದರೂ ಕಲಿಸಲೇಬೇಕು. ಹಗಲು ದುಡಿದು ರಾತ್ರಿ ಕಾಲೇಜಿನಲ್ಲಿ ಓದುವವರಿಗಂತೂ ವ್ಯರ್ಥ ಮಾಡಲು ಸಮಯವಿಲ್ಲ. ಓದುಗನ ಸಮಯ ಉಳಿಸುವುದೂ ರಂಗನಾಥನ್ ಅವರ ಸೂತ್ರಗಳಲ್ಲೊಂದು. ಕಾಲೇಜು ಸೇರುವ ನಮ್ಮ ಮಕ್ಕಳು ಮೊದಲ ವಾರದಲ್ಲೇ ಗ್ರಂಥಪಾಲಕರನ್ನು ಭೇಟಿಯಾಗಲಿ. ಸಂಘಗಳಲ್ಲಿ ಬೀಗ ಬಿದ್ದ ಪುಸ್ತಕದ ಕಪಾಟುಗಳಿದ್ದರೆ ಪದಾಧಿಕಾರಿಗಳು ಅವನ್ನು ತೆರೆಸಲಿ. ಆ ಮಹನೀಯರಿಗೆ ಇದೇ ನಿಜವಾದ ಗೌರವ.