ವಿಜ್ಞಾನಿ ಕಮಲಾ ಸೊಹೋನಿ

ಬೀದರ ಜಿಲ್ಲೆಯ ಭಾಲ್ಕಿ, ಔರಾದ, ಸಂತಪುರಗಳ ಸುತ್ತಲಿನ ಹೊಲಗಳಲ್ಲಿ ಮುಂಗಾರಿನ ಕಾಲಕ್ಕೆ ಹೆಸರು, ಉದ್ದು, ತೊಗರಿಗಳು ಹಸಿರಾಗಿ ನಿಲ್ಲುತ್ತವೆ. ಬೇಳೆಯಿಲ್ಲದ ಊಟ ಆ ಸೀಮೆಯ ಮನೆಗಳಲ್ಲಿ ಅಪರೂಪ. ನಮಗೆ ಇಷ್ಟು ಪರಿಚಿತವಾದ ಕಾಳುಗಳಲ್ಲಿ ದೇಹವನ್ನು ಬೆಳೆಸುವ ಸತ್ತ್ವ ಎಂತಹುದು ಎಂಬುದನ್ನು ಅರಿಯಲು ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಸುಮಾರು 90 ವರ್ಷಗಳ ಹಿಂದೆ ಒಬ್ಬ ತರುಣಿ ಹಗಲಿರುಳು ದುಡಿದರು. ಆದರೆ ಆ ಪ್ರಯೋಗಶಾಲೆಯ ಬಾಗಿಲು ಅವರಿಗೆ ಸುಲಭವಾಗಿ ತೆರೆಯಲಿಲ್ಲ. ಅವರೇ ಕಮಲಾ ಸೊಹೋನಿ.

ಕಮಲಾ ಅವರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಆರಂಭದಲ್ಲಿ ಇಂದೂರಿನ ಭಾಗವತ ಮನೆತನದಲ್ಲಿ ಜನಿಸಿದರು. ತಂದೆ ನಾರಾಯಣರಾವ್ ಹಾಗೂ ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕಲಿತವರು. ಮರಾಠಿಯ ಪ್ರಸಿದ್ಧ ಲೇಖಕಿ ದುರ್ಗಾ ಭಾಗವತ ಇವರ ಸೋದರಿ. ಇಂತಹ ವಿದ್ಯಾವಂತ ಕುಟುಂಬದಲ್ಲಿ ಬೆಳೆದ ಕಮಲಾ ಅವರು 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದರು. ತಂದೆಯಂತೆ ತಾವೂ ವಿಜ್ಞಾನ ಮಂದಿರದಲ್ಲಿ ಸಂಶೋಧನೆ ನಡೆಸಬೇಕೆಂದು ಬಯಸಿ ಅರ್ಜಿ ಸಲ್ಲಿಸಿದರು.

ಆಗ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸರ್ ಸಿ. ವಿ. ರಾಮನ್. ಅರ್ಜಿ ತಿರಸ್ಕೃತವಾಯಿತು. ಅದಕ್ಕೆ ಅಂಕಗಳ ಕೊರತೆ ಕಾರಣವಾಗಿರಲಿಲ್ಲ. ಅರ್ಜಿದಾರರು ಹೆಣ್ಣೆಂಬುದೇ ಕಾರಣವಾಗಿತ್ತು. ಕಮಲಾ ಅವರು ಮನೆಯಲ್ಲಿ ಕುಳಿತು ಕಣ್ಣೀರು ಸುರಿಸಲಿಲ್ಲ. ಗಾಂಧೀಜಿಯವರ ಸತ್ಯಾಗ್ರಹದ ದಾರಿಯನ್ನು ನೆನೆದು ನೇರವಾಗಿ ಬೆಂಗಳೂರಿಗೆ ಬಂದರು. ತಮ್ಮನ್ನು ನಿರಾಕರಿಸಲು ನ್ಯಾಯವಾದ ಕಾರಣವೇನೆಂದು ವಿಚಾರಿಸಿದರು. ಪ್ರವೇಶ ದೊರೆಯದೆ ಹಿಂದಿರುಗಲು ಒಪ್ಪಲಿಲ್ಲ.

ಕೊನೆಗೆ ಪ್ರವೇಶ ದೊರೆಯಿತು, ಆದರೆ ಷರತ್ತುಗಳೊಡನೆ. ಮೊದಲ ಒಂದು ವರ್ಷ ಅವರನ್ನು ಕ್ರಮಬದ್ಧ ವಿದ್ಯಾರ್ಥಿನಿಯೆಂದು ಪರಿಗಣಿಸುವಂತಿರಲಿಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕು. ತಮ್ಮ ಇರುವಿಕೆಯಿಂದ ಇತರ ಸಂಶೋಧಕರ ಏಕಾಗ್ರತೆಗೆ ಭಂಗ ಬಾರದಂತೆ ನಡೆದುಕೊಳ್ಳಬೇಕು. ಸಹಪಾಠಿಗಳಾದ ಯುವಕರಿಗಿಲ್ಲದ ಈ ಕಟ್ಟುಪಾಡು ಅವರ ಮನಸ್ಸನ್ನು ಬಹಳವಾಗಿ ನೋಯಿಸಿತು. ಆ ನೋವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಆದರೂ ಕಲಿಯುವ ಅವಕಾಶ ಕೈತಪ್ಪಬಾರದೆಂದು ಒಪ್ಪಿಕೊಂಡರು.

ಅವರ ಮಾರ್ಗದರ್ಶಕರು ಶ್ರೀನಿವಾಸಯ್ಯನವರು. ಶಿಸ್ತಿನಲ್ಲಿ ಕಠಿಣರು, ವಿದ್ಯೆಯನ್ನು ಧಾರೆಯೆರೆಯುವುದರಲ್ಲಿ ಉದಾರಿಗಳು. ಅವರ ಬಳಿ ಕಮಲಾ ಅವರು ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳನ್ನು ಕುರಿತು ಸಂಶೋಧನೆ ಕೈಗೊಂಡರು. ಅರೆಹೊಟ್ಟೆಯ ದೇಶಕ್ಕೆ ಇದಕ್ಕಿಂತ ಅಗತ್ಯವಾದ ವಿಷಯ ಬೇರೊಂದಿರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಅವರ ಶ್ರದ್ಧೆ ರಾಮನ್ ಅವರ ಮನಸ್ಸನ್ನೂ ಬದಲಿಸಿತು. ಕಮಲಾ ಅವರನ್ನು ಕ್ರಮಬದ್ಧ ವಿದ್ಯಾರ್ಥಿನಿಯೆಂದು ಅಂಗೀಕರಿಸಿದರು. ಮುಂದೆ ಬೇರೆ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆಯಿತು. 1940ರಲ್ಲಿ ಅಲ್ಲಿಗೆ ಬಂದ ಅಣ್ಣಾ ಮಣಿ ಅವರು ರಾಮನ್ ಅವರ ಪ್ರಯೋಗಶಾಲೆಯಲ್ಲಿಯೇ ಸಂಶೋಧನೆ ನಡೆಸಿ, ಬಳಿಕ ಹೆಸರಾಂತ ಹವಾಮಾನ ವಿಜ್ಞಾನಿಯಾದರು.

1936ರಲ್ಲಿ ಎಂ.ಎಸ್‌ಸಿ. ಪದವಿ ಪಡೆದ ಕಮಲಾ ಅವರು ವಿದ್ಯಾರ್ಥಿವೇತನದ ನೆರವಿನಿಂದ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಅಲ್ಲಿ ರಾಬಿನ್ ಹಿಲ್ ಅವರ ಮಾರ್ಗದರ್ಶನದಲ್ಲಿ ಆಲೂಗಡ್ಡೆಯ ಮೇಲೆ ಪ್ರಯೋಗ ನಡೆಸಿ, ಪ್ರಾಣಿಗಳ ಜೀವಕೋಶಗಳ ಉಸಿರಾಟಕ್ಕೆ ನೆರವಾಗುವ ‘ಸೈಟೋಕ್ರೋಮ್ ಸಿ’ ಎಂಬ ವಸ್ತು ಸಸ್ಯಗಳ ಜೀವಕೋಶಗಳಲ್ಲಿಯೂ ಇದೆಯೆಂದು ತೋರಿಸಿದರು. ಅವರ ಪ್ರಬಂಧ ಕೇವಲ 40 ಪುಟಗಳಷ್ಟಿತ್ತು. 1939ರಲ್ಲಿ ಅದಕ್ಕೆ ಪಿಎಚ್.ಡಿ. ಪದವಿ ದೊರೆಯಿತು. ವಿಜ್ಞಾನದಲ್ಲಿ ಈ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯೆಂದು ಅವರನ್ನು ಗುರುತಿಸುತ್ತಾರೆ.

ವಿದೇಶದಲ್ಲಿ ನೆಲೆಸದೆ ಅದೇ ವರ್ಷ ಅವರು ತಾಯ್ನಾಡಿಗೆ ಮರಳಿದರು. ದೆಹಲಿಯಲ್ಲಿಯೂ ಕೂನೂರಿನ ಆಹಾರ ಸಂಶೋಧನಾಲಯದಲ್ಲಿಯೂ ಸೇವೆ ಸಲ್ಲಿಸಿದರು. 1947ರಲ್ಲಿ ಎಂ. ವಿ. ಸೊಹೋನಿ ಅವರನ್ನು ವಿವಾಹವಾಗಿ ಮುಂಬಯಿಗೆ ಬಂದು, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. ಬಡವರ ತಟ್ಟೆಯಲ್ಲಿರುವ ಆಹಾರವೇ ಅವರ ಮತ್ತು ಅವರ ಶಿಷ್ಯರ ಸಂಶೋಧನೆಯ ವಸ್ತುವಾಯಿತು. ಪ್ರೋಟೀನು ಜೀರ್ಣವಾಗುವುದನ್ನು ತಡೆಯುವ ಅಂಶಗಳು ಹಸಿಯ ಕಾಳುಗಳಲ್ಲಿರುತ್ತವೆ. ಬೇಯಿಸಿದಾಗ ಅವುಗಳ ಬಲ ಕುಂದುತ್ತದೆ. ಇಂತಹ ಅಂಶಗಳನ್ನು ಅವರು ನಮ್ಮ ನಾಡಿನ ಧಾನ್ಯಗಳಲ್ಲಿ ಪರೀಕ್ಷಿಸಿದರು. ಹುಳಿಯುವ ಮೊದಲಿನ ತಾಳೆಯ ರಸವಾದ ನೀರಾದ ಪೌಷ್ಟಿಕ ಗುಣವನ್ನು ಶೋಧಿಸಿ, ಗಿರಿಜನರ ಮಕ್ಕಳಿಗೂ ಗರ್ಭಿಣಿಯರಿಗೂ ಅದು ಹಿತಕರವೆಂದು ಕಂಡುಕೊಂಡರು. ಈ ಕಾರ್ಯಕ್ಕಾಗಿ ಅವರಿಗೆ ರಾಷ್ಟ್ರಪತಿಗಳ ಪುರಸ್ಕಾರ ಲಭಿಸಿತು. ಅವರು 1998ರಲ್ಲಿ ನಿಧನರಾದರು.

ಮಹಾವಿಜ್ಞಾನಿಯೂ ಒಮ್ಮೊಮ್ಮೆ ತಪ್ಪು ತೀರ್ಮಾನ ಮಾಡಬಹುದು. ಸತ್ಯ ಕಣ್ಣೆದುರು ನಿಂತಾಗ ಅದನ್ನು ತಿದ್ದಿಕೊಳ್ಳಲೂಬಹುದು. ಕಮಲಾ ಅವರು ತಮಗಾದ ಅನ್ಯಾಯವನ್ನು ಪ್ರಶ್ನಿಸದೆ ಬಿಡಲಿಲ್ಲ. ಹಾಗೆಂದು ಅದನ್ನೇ ನೆನೆಯುತ್ತ ಕೆಲಸವನ್ನೂ ಕೈಬಿಡಲಿಲ್ಲ. ಅವರು ಒಬ್ಬರೇ ತಟ್ಟಿ ತೆರೆಸಿದ ಬಾಗಿಲಿನಲ್ಲಿ ಅನಂತರ ಎಷ್ಟೋ ಮಂದಿ ಹೆಣ್ಣುಮಕ್ಕಳು ತಲೆಯೆತ್ತಿ ನಡೆದು ಬಂದರು.