ಹುಕ್ಕಾ ಹೊರಟ ಊರಿನ ಸುಲ್ತಾನ

ಹುಕ್ಕಾ ಅಂದ ಕೂಡಲೆ ನಮ್ಮ ಕಣ್ಮುಂದೆ ಬರುವವರು ದಿಲ್ಲಿ, ಲಖನೌಗಳ ನವಾಬರು. ಲೋಡಿಗೆ ಒರಗಿ, ಹಾವಿನಂಥ ಕೊಳವೆ ಬಾಯಿಗಿಟ್ಟು ಗುಡುಗುಡು ಎಳೆಯುವವರು. ಇದು ಸಿನಿಮಾ ಕಲಿಸಿದ ಚಿತ್ರ. ಆದರೆ ಅಕ್ಬರನ ದರ್ಬಾರಿಗೆ ತಂಬಾಕು ಹೋದದ್ದು ಕನ್ನಡ ನೆಲದ ವಿಜಾಪುರದಿಂದ ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆಗ ಅಲ್ಲಿ ಆಳುತ್ತಿದ್ದವನು ಎರಡನೆಯ ಇಬ್ರಾಹಿಂ ಆದಿಲಶಾಹ, ಗೋಲಗುಮ್ಮಟ ಕಟ್ಟಿಸಿದ ಮಹಮ್ಮದನ ತಂದೆ. ಅವನ ಬದುಕನ್ನು ಸ್ವಲ್ಪ ನೋಡೋಣ.

1580ರಲ್ಲಿ ದೊಡ್ಡಪ್ಪ ಮೊದಲನೆಯ ಅಲಿ ಆದಿಲಶಾಹ ಕೊಲೆಯಾದಾಗ ಇಬ್ರಾಹಿಂ ಸುಮಾರು ಒಂಬತ್ತು ವರ್ಷದ ಹುಡುಗ. ಗದ್ದುಗೆ ಅವನದು, ಅಧಿಕಾರ ಮಾತ್ರ ಇನ್ನೊಬ್ಬರದು. ಅಲಿಯ ವಿಧವೆ ಚಾಂದಬೀಬಿ ಹುಡುಗನ ರಕ್ಷಣೆಗೆ ನಿಂತಳು. ಸರದಾರನೊಬ್ಬ ಅವಳನ್ನೇ ಹಿಡಿದು ಸಾತಾರಾದ ಕೋಟೆಗೆ ಕಳಿಸಿದ್ದೂ ಉಂಟು. ಒಬ್ಬ ಸರದಾರ ಬಿದ್ದ, ಇನ್ನೊಬ್ಬ ಎದ್ದ, ಹೀಗೆ ಹತ್ತು ವರ್ಷ ಕಳೆಯಿತು. 1590ರಲ್ಲಿ ದಿಲಾವರಖಾನನನ್ನು ಓಡಿಸಿ ಇಬ್ರಾಹಿಂ ತಾನೇ ಆಳತೊಡಗಿದ. ಬಾಲ್ಯವೆಲ್ಲ ಸಂಚು ನೋಡುತ್ತ ಬೆಳೆದ ಹುಡುಗ ಕ್ರೂರಿಯಾಗಬಹುದಿತ್ತು. ಇವನು ಹಾಡುಗಾರನಾದ.

ದಖನಿ ಭಾಷೆಯಲ್ಲಿ ರಾಗಗಳಿಗೆ ಹೊಂದುವಂತೆ ಗೀತೆಗಳನ್ನು ಕಟ್ಟಿದ. ಅವುಗಳ ಸಂಗ್ರಹವೇ ಕಿತಾಬ್-ಎ-ನೌರಸ್. ನೌರಸ್ ಅಂದರೆ ನಮ್ಮ ನವರಸವೇ. ಅದರಲ್ಲಿ ಸರಸ್ವತಿ, ಗಣಪತಿ, ಗುಲಬರ್ಗಾದ ಬಂದೇನವಾಜ, ಎಲ್ಲರಿಗೂ ವಂದನೆಯಿದೆ. ಅವನಿಗೆ ಫಾರಸಿಗಿಂತ ಮರಾಠಿ ಸಲೀಸಾಗಿ ಬರುತ್ತಿತ್ತು. ಜನ ಅವನನ್ನು ಜಗದ್ಗುರು ಅಂತ ಕರೆದರು. 1599ರಲ್ಲಿ ವಿಜಾಪುರದ ಪಶ್ಚಿಮಕ್ಕೆ, ರಾಮಾಯಣ ಬರೆದ ನಮ್ಮ ಕುಮಾರ ವಾಲ್ಮೀಕಿಯ ತೊರವೆಯ ಹತ್ತಿರ, ಸಂಗೀತಕ್ಕೆಂದೇ ನೌರಸಪುರವೆಂಬ ಹೊಸ ಪಟ್ಟಣ ಕಟ್ಟಿಸಲು ತೊಡಗಿದ.

ಇನ್ನು ಹೊಗೆಯ ಕಥೆ. ತಂಬಾಕು ಅಮೆರಿಕದ ಗಿಡ. ಅದನ್ನು ನಮ್ಮ ಪಡುವಣ ಕರಾವಳಿಗೆ ತಂದವರು ಪೋರ್ಚುಗೀಜರು. ಅವರು 1510ರಲ್ಲಿ ಗೋವೆಯನ್ನು ಕಿತ್ತುಕೊಂಡದ್ದು ಆದಿಲಶಾಹಿಯಿಂದಲೇ. ಜಗಳವಿದ್ದರೂ ವ್ಯಾಪಾರ ನಿಲ್ಲಲಿಲ್ಲ. ಕುದುರೆ ಬಂದ ದಾರಿಯಲ್ಲೇ ಹೊಗೆಸೊಪ್ಪೂ ಘಟ್ಟ ಹತ್ತಿ ವಿಜಾಪುರದ ಪೇಟೆಗೆ ಬಂತು.

1604ರ ಸುಮಾರಿಗೆ ಇಬ್ರಾಹಿಮನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಡುವ ಮಾತು ನಡೆದಿತ್ತು. ಆ ಕೆಲಸಕ್ಕೆ ಮೊಗಲರ ಕಡೆಯಿಂದ ಅಸದಬೇಗ ಎಂಬ ಅಧಿಕಾರಿ ಬಂದ. ಉತ್ತರದಲ್ಲಿ ತಾನು ಕಾಣದ ತಂಬಾಕನ್ನು ಇಲ್ಲಿ ಕಂಡು ಅವನಿಗೆ ಅಚ್ಚರಿ. ಸಾಕಷ್ಟು ಕೊಂಡ. ಮೂರು ಮೊಳದ ಕೊಳವೆಗೆ ಎರಡೂ ತುದಿಯಲ್ಲಿ ರತ್ನದ ಕೆಲಸ, ಬಾಯಿಗಿಡುವಲ್ಲಿ ಯೆಮೆನ್ ದೇಶದ ಕೆಂಪು ಕಲ್ಲು, ಬೆಂಕಿಗೆ ಚಿನ್ನದ ಬಟ್ಟಲು, ಹೀಗೆ ಒಂದು ಸಾಧನ ಸಿದ್ಧಮಾಡಿಸಿದ. ಸುಲ್ತಾನ ಉಡುಗೊರೆಯಾಗಿ ಕೊಟ್ಟಿದ್ದ ಅಂದವಾದ ಎಲೆಅಡಿಕೆ ಚೀಲದಲ್ಲಿ ತಂಬಾಕು ತುಂಬಿಕೊಂಡ. ನೋಡಿ, ತಾಂಬೂಲದ ಚೀಲದೊಳಗೆ ಕೂತು ಹೊಗೆಸೊಪ್ಪು ಆಗ್ರಾಕ್ಕೆ ಹೋಯಿತು!

ಅಕ್ಬರ ಕುತೂಹಲದಿಂದ ಒಂದೆರಡು ಸಲ ಎಳೆದ. ವೈದ್ಯರು ಬೇಡವೆಂದರು, ತಮ್ಮ ಗ್ರಂಥಗಳಲ್ಲಿ ಇಲ್ಲದ ವಸ್ತುವಿನ ಗುಣ ಗೊತ್ತಿಲ್ಲದೆ ಹೇಗೆ ಒಪ್ಪುವುದು ಅನ್ನುವುದು ಅವರ ವಾದ. ಅಕ್ಬರ ಅದನ್ನು ಚಟ ಮಾಡಿಕೊಳ್ಳಲಿಲ್ಲ. ಅಮೀರರು ಬಿಡಲಿಲ್ಲ, ಅಸದಬೇಗನ ಬಳಿ ಬೇಡಿ ಬೇಡಿ ಒಯ್ದರು. ಆಮೇಲೆ ವರ್ತಕರು ತರಿಸಿ ಮಾರತೊಡಗಿದರು. 1617ರಲ್ಲಿ ಜಹಾಂಗೀರ ನಿಷೇಧಿಸಿದರೂ ಹೊಗೆ ಆರಲಿಲ್ಲ. ನೀರಿನ ಹುಕ್ಕಾವನ್ನು ಅಕ್ಬರನ ವೈದ್ಯ ಅಬುಲ್ ಫತಹ್ ಗಿಲಾನಿ ಕಂಡುಹಿಡಿದ ಅಂತ ಹೇಳುವುದುಂಟು. ಆದರೆ ಆತ 1589ರಲ್ಲೇ ತೀರಿಕೊಂಡಿದ್ದ. ಅಸದಬೇಗನ ತಂಬಾಕು ಆಗ್ರಾ ಮುಟ್ಟಿದ್ದು ಅದಾಗಿ ಸುಮಾರು ಹದಿನೈದು ವರ್ಷಕ್ಕೆ. ಎರಡೂ ಕಥೆಗಳನ್ನು ಒಟ್ಟಿಗೆ ನಂಬುವುದು ಕಷ್ಟವೇ.

ಈಗ ಚಿತ್ರಗಳ ಕಡೆ ಬರೋಣ. ಹೆಚ್ಚು ಕಡಿಮೆ ಅದೇ 1604ರ ಹೊತ್ತಿಗೆ ಇಬ್ರಾಹಿಮನ ಆಸ್ಥಾನದಲ್ಲಿ ಫರ್ರುಖ್ ಹುಸೇನ್ ಎಂಬ ಚಿತ್ರಕಾರ ಸಿಂಹಾಸನದ ಮೇಲೆ ಕೂತ ಸರಸ್ವತಿಯನ್ನು ಬರೆದ. ಅದರಲ್ಲಿರುವ ಬರಹ ಸುಲ್ತಾನನಿಗೆ ಗಣಪತಿಯನ್ನು ತಂದೆಯೆಂದೂ ಸರಸ್ವತಿಯನ್ನು ತಾಯಿಯೆಂದೂ ಹೇಳುತ್ತದೆ. ಪ್ರಾಗ್ ನಗರದಲ್ಲಿರುವ ಇನ್ನೊಂದು ಚಿತ್ರದಲ್ಲಿ ಇಬ್ರಾಹಿಂ ತಂಬೂರಿ ನುಡಿಸುತ್ತಿದ್ದಾನೆ. ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿರುವುದರಲ್ಲಿ ಅವನ ಕೈಯಲ್ಲಿ ಕರತಾಳ. ಹುಕ್ಕಾ ಹಿಡಿದ ದೊರೆಗಳ ಚಿತ್ರಗಳು ಮುಂದಿನ ಕಾಲದಲ್ಲಿ ಬೇಕಾದಷ್ಟು ಬಂದವು. ದಖನಿನ, ದಿಲ್ಲಿಯ, ರಾಜಸ್ಥಾನದ ಚಿತ್ರಗಳಲ್ಲಿ ರಾಜರು, ಉಪ್ಪರಿಗೆಯ ಮೇಲಿನ ರಾಣಿಯರು, ಎಲ್ಲರಿಗೂ ಹುಕ್ಕಾ ಬೇಕು. 1760ರ ದಶಕದಲ್ಲಿ ದೀಪಚಂದ ಬರೆದ ಚಿತ್ರವೊಂದರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಾಹೇಬನೂ ನವಾಬನ ಹಾಗೆ ಕೂತು ಹುಕ್ಕಾ ಎಳೆಯುತ್ತಾನೆ. ಅಷ್ಟು ಹೊತ್ತಿಗೆ ಅದು ಬರೀ ಚಟವಾಗಿರಲಿಲ್ಲ, ದೊಡ್ಡಸ್ತಿಕೆಯ ಗುರುತಾಗಿತ್ತು.

ಆ ದೊಡ್ಡಸ್ತಿಕೆಗೆ ಪಾತ್ರೆ ಒದಗಿಸಿದ್ದೂ ನಮ್ಮ ಸೀಮೆಯೇ. 1619ರಲ್ಲಿ ಇಬ್ರಾಹಿಂ ಬೀದರನ್ನು ಗೆದ್ದು ತನ್ನ ರಾಜ್ಯಕ್ಕೆ ಸೇರಿಸಿದ. ಬೀದರಿನ ಕುಶಲಿಗಳು ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬಳ್ಳಿ ಹೂ ಕೆತ್ತಿ, ಕೆತ್ತಿದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ನವಸಾಗರ ಹಚ್ಚಿ ಕಪ್ಪು ಮಾಡುತ್ತಾರೆ. ಬೆಳ್ಳಿ ಹಾಗೇ ಹೊಳೆಯುತ್ತದೆ. ಹುಕ್ಕಾದ ನೀರು ತುಂಬುವ ಬುರುಡೆಗಳು ಈ ಬಿದರಿ ಕಲೆಯ ಹೆಸರಾಂತ ಕೃತಿಗಳು. ಮೊದಮೊದಲು ಅವು ಚೆಂಡಿನಂತೆ ಗುಂಡಗಿದ್ದವು, ಆಮೇಲೆ ಗಂಟೆಯ ಆಕಾರ ತಾಳಿದವು. ಇಂದು ದೇಶ ವಿದೇಶದ ಮ್ಯೂಜಿಯಮ್ಮುಗಳಲ್ಲಿ ಅವು ನೀರಿಲ್ಲದೆ, ಬೆಂಕಿಯಿಲ್ಲದೆ ಸುಮ್ಮನೆ ಕೂತಿವೆ. ಹೊಗೆ ಹೋಗಿದೆ, ಹೂ ಉಳಿದಿದೆ.

ಇಬ್ರಾಹಿಮನ ಕೊನೆಗಾಲ ಸುಖದ್ದಲ್ಲ. ಮಗಳ ಗಂಡ ದಾನಿಯಾಲ 1605ರಲ್ಲೇ ಕುಡಿತದಿಂದ ಸತ್ತ. 1624ರಲ್ಲಿ ಮಲಿಕ್ ಅಂಬರ ನೌರಸಪುರವನ್ನು ಕೊಳ್ಳೆಹೊಡೆದ. ಹಾಡಿನ ಪಟ್ಟಣ ಹಾಳುಬಿತ್ತು. 1627ರಲ್ಲಿ ಇಬ್ರಾಹಿಂ ತೀರಿಕೊಂಡ. ಮಲಿಕ್ ಸಂದಲ್ ಕಟ್ಟಿದ ಇಬ್ರಾಹಿಂ ರೋಜಾದಲ್ಲಿ ರಾಣಿ ತಾಜ್ ಸುಲ್ತಾನಾಳ ಜೊತೆ ಮಲಗಿದ್ದಾನೆ. ಅವನ ಮಗನ ಕಾಲದಲ್ಲಿ, 1636ರಲ್ಲಿ, ನಾವು ದಿನಾ ಓಡಾಡುವ ಈ ಕಲ್ಯಾಣದ ಸೀಮೆಯೂ ವಿಜಾಪುರಕ್ಕೆ ಸೇರಿತ್ತು. 1657ರಲ್ಲಿ ಶಿವಾಜಿ ಅದನ್ನು ಗೆದ್ದುಕೊಂಡ. ಆದ್ದರಿಂದ ಈ ಸುಲ್ತಾನನ ಮನೆತನ ಬೇಲಾಪುರದ ನಮಗೆ ಅಷ್ಟೇನೂ ದೂರದ್ದಲ್ಲ.

ಗೆಳೆಯರೇ, ನೀರಿನಲ್ಲಿ ಹಾದು ಬಂದ ಹೊಗೆ ತಣ್ಣಗಿರುತ್ತದೆ, ಶುದ್ಧವಾಗುವುದಿಲ್ಲ. ಅದರಲ್ಲಿ ನಿಕೋಟಿನ್ನೂ ಇದೆ, ಇಂಗಾಲದ ವಿಷವಾಯುವೂ ಇದೆ. ಅಕ್ಬರನ ವೈದ್ಯರ ಅನುಮಾನ ಸುಳ್ಳಾಗಲಿಲ್ಲ. ಮಹಾರಾಷ್ಟ್ರ 2018ರಲ್ಲಿ ಹುಕ್ಕಾ ಪಾರ್ಲರುಗಳನ್ನು ನಿಷೇಧಿಸಿತು. ಕರ್ನಾಟಕ 2024ರಲ್ಲಿ ಹುಕ್ಕಾವನ್ನೇ ನಿಷೇಧಿಸಿತು. ವಿಜಾಪುರದಿಂದ ಚೀಲ ತುಂಬಿಕೊಂಡು ಹೊರಟ ಮೇಲೆ ಸುಮಾರು ನಾನೂರ ಇಪ್ಪತ್ತು ವರ್ಷ ಬೇಕಾಯಿತು!

ತೆರೆದ ಬಾಗಿಲೊಳಗೆ ಗಾಳಿಯೂ ಬರುತ್ತದೆ, ಧೂಳೂ ಬರುತ್ತದೆ. ಸರಸ್ವತಿಯನ್ನು, ಪರದೇಶದ ಚಿತ್ರಕಾರರನ್ನು, ಮರಾಠಿಯನ್ನು ಒಳಗೆ ಕರೆದುಕೊಂಡ ಊರಿಗೇ ತಂಬಾಕೂ ಬಂತು. ಅದಕ್ಕಾಗಿ ಬಾಗಿಲು ಹಾಕಬೇಕಾಗಿತ್ತು ಅಂತ ಯಾರೂ ಹೇಳಲಾರರು. ಬಂದದ್ದರಲ್ಲಿ ಯಾವುದನ್ನು ಉಳಿಸಿಕೊಳ್ಳುವುದು ಅನ್ನುವುದಷ್ಟೇ ನಮ್ಮ ಕೈಲಿರುವುದು. ಆ ಎರಡು ಚಿತ್ರಗಳಲ್ಲಂತೂ ಇಬ್ರಾಹಿಮನ ಕೈಯಲ್ಲಿ ಇರುವುದು ತಂಬೂರಿ ಮತ್ತು ತಾಳ.